ಮೂಲವೂ ಪ್ರತಿಯೂ: ಲಿನಕ್ಸ್ ಕರ್ನೆಲಿನ ಒಂದು ದೋಷದ ವಿಚಾರ

ಕಂಪ್ಯೂಟರಿನ ಸಮಸ್ತ ವ್ಯಾಪಾರಗಳನ್ನೂ ನಿಯಮಿಸುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ನಿರ್ಣಯವು ಅದಕ್ಕೆ ಸೇರಿದುದು. ಏಕಕಾಲದಲ್ಲಿ ನಡೆಯುವ ಎರಡು ಕಾರ್ಯಗಳ ಪೌರ್ವಾಪರ್ಯವನ್ನು ಅನುಸರಿಸಿ ಫಲವು ಬೇರೆಯಾಗುವುದಾದರೆ ಆ ಸ್ಥಿತಿಯನ್ನು ರೇಸ್ ಕಂಡಿಷನ್ ಎನ್ನುವರು. 2016ನೆಯ ಇಸವಿಯ ಅಕ್ಟೋಬರಿನಲ್ಲಿ ಪ್ರಕಟವಾದ ‘ಡರ್ಟಿ ಕೌ’ ಎಂಬ ಲಿನಕ್ಸ್ ಕರ್ನೆಲಿನ ದೋಷವು ಇದಕ್ಕೆ ಉತ್ತಮ ನಿದರ್ಶನ. ಹೆಸರಿನಲ್ಲಿರುವ ‘ಕೌ’ ಎಂಬುದು ‘ಕಾಪಿ ಆನ್ ರೈಟ್’ ಎಂಬುದರ ಆದ್ಯಕ್ಷರಗಳ ಕೂಟ. ಬರೆಯುವ ಪ್ರಸಂಗ ಬಂದಾಗ ಮಾತ್ರ ಪ್ರತಿ ತೆಗೆಯುವುದೆಂದು ಅದರ ತಾತ್ಪರ್ಯ.

ಈ ಪದ್ಧತಿಯನ್ನು ಓಲೆಗರಿಗಳ ಭಂಡಾರದ ದೃಷ್ಟಾಂತದಿಂದ ವಿಶದಪಡಿಸಬಹುದು. ಮೂಲದ ಗರಿಯನ್ನು ಎಲ್ಲರೂ ಓದಬಹುದು. ತಿದ್ದಬಯಸುವವನಿಗೆ ಭಂಡಾರಿಯು ಪ್ರತಿಯೊಂದನ್ನು ಮಾಡಿಕೊಡುತ್ತಾನೆ. ತಿದ್ದುಪಡಿಯು ಪ್ರತಿಯಲ್ಲಿಯೇ ನಿಲ್ಲುವುದರಿಂದ ಮೂಲವು ಅಕ್ಷತವಾಗಿರುತ್ತದೆ. ಓದುವುದಕ್ಕೆ ಮಾತ್ರ ಅಪ್ಪಣೆಯುಳ್ಳ ಪುಟದ ವಿಷಯದಲ್ಲಿ ಕರ್ನೆಲಿನ ನಡೆಯೂ ಇಂತಹದೇ.

ದೋಷವಿದ್ದುದು ಪ್ರತಿ ಮಾಡುವುದಕ್ಕೂ ಬರೆಯುವುದಕ್ಕೂ ನಡುವಣ ಕ್ಷಣದಲ್ಲಿ. ಪ್ರತಿಯು ಸಿದ್ಧವಾದೊಡನೆ, ಬಂದದ್ದು ಬರೆಯುವ ಕೋರಿಕೆಯೆಂಬ ಗುರುತನ್ನು ಕರ್ನೆಲ್ ಅಳಿಸಿಬಿಡುತ್ತಿತ್ತು. ಅಷ್ಟರಲ್ಲಿ ಅದೇ ಪ್ರೋಗ್ರಾಮಿನ ಮತ್ತೊಂದು ಎಳೆಯು ಆ ಪ್ರತಿ ಬೇಡವೆಂದು ತ್ಯಜಿಸಿದರೆ, ಕರ್ನೆಲ್ ಪುಟವನ್ನು ಮರಳಿ ಅರಸುವಾಗ ಕೇವಲ ಓದುವ ಕೋರಿಕೆಯೆಂದೇ ಬಗೆದು ಮೂಲವನ್ನು ಒಪ್ಪಿಸುತ್ತಿತ್ತು. ಬರೆವಣಿಗೆಯು ಮೂಲದ ಮೇಲೆಯೇ ಬೀಳುತ್ತಿತ್ತು. ಅಂತಹ ಕ್ಷಣವು ಒಮ್ಮೆಗೇ ದೊರೆಯದಿದ್ದರೂ, ಸಹಸ್ರಾವರ್ತಿ ಯತ್ನಿಸುವುದು ಯಂತ್ರಕ್ಕೆ ಶ್ರಮವಲ್ಲ. ಹೀಗೆ ಸಾಮಾನ್ಯ ಬಳಕೆದಾರನೂ ವ್ಯವಸ್ಥೆಯ ಕಡತಗಳನ್ನು ತಿದ್ದಿ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು.

ಈ ದೋಷವು 2007ರಲ್ಲಿ ಹೊರಬಂದ 2.6.22ನೆಯ ಆವೃತ್ತಿಯಿಂದ ಒಂಬತ್ತು ವರ್ಷ ಉಳಿದಿತ್ತು. ಅದಕ್ಕೂ ಮುನ್ನ, 2005ರಲ್ಲಿಯೇ, ಲಿನಕ್ಸ್ ಕರ್ತೃ ಲಿನಸ್ ಟೋರ್ವಾಲ್ಡ್ಸ್ ಇದಕ್ಕೆ ಪರಿಹಾರವೊಂದನ್ನು ಮಾಡಿದ್ದರು. ಎಸ್390 ಎಂಬ ಯಂತ್ರವರ್ಗದಲ್ಲಿ ತೊಡಕುಂಟಾದುದರಿಂದ ಅದನ್ನು ಹಿಂತೆಗೆಯಲಾಯಿತು. ಅಂದು ಕೇವಲ ತಾತ್ತ್ವಿಕವೆನಿಸಿದ್ದ ಅಪಾಯವು, ಸ್ಮೃತಿಯ ನಿರ್ವಹಣೆ ಸುಧಾರಿಸಿದಂತೆಲ್ಲ ಸುಲಭಸಾಧ್ಯವಾಯಿತೆಂದು 2016ರ ತಿದ್ದುಪಡಿಯ ಟಿಪ್ಪಣಿಯಲ್ಲಿ ಅವರೇ ವಿವರಿಸಿದ್ದಾರೆ.

ಆ ತಿದ್ದುಪಡಿಯ ತತ್ತ್ವವು ಸರಳವಾದುದು. ಬರೆಯುವ ಉದ್ದೇಶದ ಗುರುತನ್ನು ಅಳಿಸದೆ, ‘ಪ್ರತಿ ಮಾಡಿದ್ದಾಯಿತು’ ಎಂಬ ಪ್ರತ್ಯೇಕ ಗುರುತನ್ನು ಅದರೊಡನೆ ಸೇರಿಸಲಾಯಿತು. ಕೈಗೆ ಬಂದ ಪುಟವು ನಿಜವಾಗಿ ಆ ಪ್ರತಿಯೇ ಎಂಬುದನ್ನೂ ಪರೀಕ್ಷಿಸುವಂತಾಯಿತು. ಪ್ರತಿ ತೆಗೆಯುವುದೂ, ಬೇಡವಾದುದನ್ನು ತ್ಯಜಿಸುವುದೂ, ಮರಳಿ ಅರಸುವುದೂ ಬಿಡಿಬಿಡಿಯಾಗಿ ನೋಡಿದರೆ ನಿರ್ದುಷ್ಟವಾದ ಕ್ರಿಯೆಗಳೇ. ಕಾರ್ಯವು ಮುಗಿಯುವ ಮೊದಲೇ ಅದರ ಉದ್ದೇಶವನ್ನು ಮರೆತುದರಿಂದಲೇ ಅನರ್ಥವು ಸಂಭವಿಸಿತು.