ಗೂಢಲಿಪಿಯ ತಂತ್ರಾಂಶಕೋಶದಲ್ಲಿ ಜೀರ್ಣಭಾಗದ ಪರಿತ್ಯಾಗ

ಗಣಕಯಂತ್ರಗಳು ಪರಸ್ಪರ ಕಳುಹಿಸುವ ಸಂದೇಶವು ಮೂರನೆಯವನಿಗೆ ತಿಳಿಯದಂತೆ ಮರೆಮಾಡುವ ವಿದ್ಯೆಗೆ ಗೂಢಲಿಪೀಕರಣವೆಂದು ಹೆಸರು. ಬ್ಯಾಂಕಿನ ಲೆಕ್ಕ, ರೋಗಿಯ ವೃತ್ತಾಂತ, ಖಾಸಗಿ ಪತ್ರ ಇವೆಲ್ಲವೂ ಇಂದು ಇದರ ರಕ್ಷಣೆಯಲ್ಲಿಯೇ ಸಂಚರಿಸುತ್ತವೆ. ಪ್ರತಿಯೊಂದು ತಂತ್ರಾಂಶವೂ ಈ ವಿದ್ಯೆಯನ್ನು ತಾನೇ ರಚಿಸಿಕೊಳ್ಳುವುದಿಲ್ಲ; ಎಲ್ಲಕ್ಕೂ ಸಾಧಾರಣವಾದ ಒಂದು ಕೋಶದಿಂದ ಎರವಲು ಪಡೆಯುತ್ತದೆ. ಇದನ್ನೇ ಲೈಬ್ರರಿ ಎನ್ನುತ್ತಾರೆ. ಇಂತಹ ಕೋಶಗಳಲ್ಲಿ ೧೯೯೮ರಲ್ಲಿ ಆರಂಭವಾದ ಓಪನ್‌ಎಸ್‌ಎಸ್‌ಎಲ್ ಬಹು ಪ್ರಸಿದ್ಧವಾದುದು. ಹಳೆಯ ಯಂತ್ರಗಳ ಅನುಕೂಲಕ್ಕಾಗಿ ಕೋಶದಲ್ಲಿ ಉಳಿಸಿಕೊಂಡು ಬಂದಿರುವ, ಆದರೆ ಈಗ ದುರ್ಬಲವೆಂದು ಸಿದ್ಧವಾಗಿರುವ ಭಾಗಗಳನ್ನು ಇಟ್ಟುಕೊಳ್ಳಬಹುದೋ, ಮುಚ್ಚಿಟ್ಟರೆ ಸಾಕೋ, ಕಿತ್ತುಹಾಕಲೇಬೇಕೋ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಈ ಭಾಗಗಳು ಹುಟ್ಟಿದ ಬಗೆಯನ್ನು ನೋಡತಕ್ಕದ್ದು. ನೆಟ್‌ಸ್ಕೇಪ್ ಸಂಸ್ಥೆಯು ೧೯೯೫ರಲ್ಲಿ ಎಸ್‌ಎಸ್‌ಎಲ್ ಎಂಬ ಸಂವಾದನಿಯಮದ ಎರಡನೆಯ ಆವೃತ್ತಿಯನ್ನು ಪ್ರಕಟಿಸಿತು. ಅದರ ದೋಷಗಳ ಪರಿಹಾರಕ್ಕಾಗಿ ೧೯೯೬ರಲ್ಲಿ ಮೂರನೆಯ ಆವೃತ್ತಿಯೂ, ೧೯೯೯ರಲ್ಲಿ ಟಿಎಲ್‌ಎಸ್ ಎಂಬ ಹೊಸ ಹೆಸರಿನ ನಿಯಮವೂ ಬಂದವು. ಆ ಕಾಲದಲ್ಲಿ ಅಮೆರಿಕದ ಸರ್ಕಾರವು ಬಲವಾದ ಗೂಢಲಿಪಿಯ ರಫ್ತಿಗೆ ನಿರ್ಬಂಧವಿಟ್ಟಿತ್ತು. ಆದಕಾರಣ ಪರದೇಶಗಳಿಗಾಗಿ ೪೦ ಬಿಟ್ಟುಗಳ ಗೂಢಲಿಪಿಯೂ ೫೧೨ ಬಿಟ್ಟುಗಳ ಆರ್‌ಎಸ್‌ಎ ಕೀಲಿಯೂ ಬುದ್ಧಿಪೂರ್ವಕವಾಗಿಯೇ ದುರ್ಬಲವಾಗಿ ಏರ್ಪಟ್ಟವು. ೨೦೦೦ದಲ್ಲಿ ಆ ನಿರ್ಬಂಧವು ಸಡಿಲವಾಯಿತು. ಕಾನೂನು ಹೋಯಿತು, ಕಾನೂನಿಗಾಗಿ ಹುಟ್ಟಿದ ದೌರ್ಬಲ್ಯವು ಮಾತ್ರ ಕೋಶದಲ್ಲಿ ಉಳಿಯಿತು.

ಇಲ್ಲಿ ಪೂರ್ವಪಕ್ಷವು ಹೀಗೆ: ಸಂವಾದದ ಆದಿಯಲ್ಲಿ ಎರಡು ಯಂತ್ರಗಳೂ ತಮಗೆ ತಿಳಿದ ಕ್ರಮಗಳನ್ನು ಹೇಳಿಕೊಂಡು, ಇಬ್ಬರಿಗೂ ಸಮಾನವಾದವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ. ಹೊಸ ಯಂತ್ರಗಳೆರಡು ಸಂಧಿಸಿದರೆ ಬಲವಾದ ಕ್ರಮವೇ ನಡೆಯುವುದು. ದುರ್ಬಲವಾದುದು ಹಳೆಯ ಯಂತ್ರಕ್ಕೆ ಮಾತ್ರ. ಏನೂ ಇಲ್ಲದಿರುವುದಕ್ಕಿಂತ ಅಲ್ಪ ರಕ್ಷಣೆಯಾದರೂ ಮೇಲಲ್ಲವೇ? ಹೊಸ ಯಂತ್ರವನ್ನು ಕೊಳ್ಳಲಾರದವನನ್ನು ಹೊರಗಿಡುವುದು ನ್ಯಾಯವೇ?

ಈ ವಾದವು ನೋಡುವುದಕ್ಕೆ ಯುಕ್ತವಾಗಿದ್ದರೂ ಅನುಭವಕ್ಕೆ ನಿಲ್ಲಲಿಲ್ಲ. ೨೦೧೫ರ ಮಾರ್ಚಿಯಲ್ಲಿ ಫ್ರೀಕ್ ಎಂಬ ಹೆಸರಿನಿಂದ ಪ್ರಕಟವಾದ ದೋಷವನ್ನು ನೋಡಬಹುದು. ನಡುವೆ ನಿಂತ ವಂಚಕನು ಬ್ರೌಸರಿನ ಕೋರಿಕೆಯನ್ನು ತಿದ್ದಿ, ರಫ್ತಿನ ದುರ್ಬಲ ಕೀಲಿಯನ್ನೇ ಅದು ಬೇಡಿತೆಂದು ಸರ್ವರಿಗೆ ತೋರಿಸುವನು. ಸರ್ವರು ಆ ಕೀಲಿಯನ್ನು ಕೊಡುವುದು. ತಾನು ಬೇಡದಿದ್ದರೂ ಬ್ರೌಸರಿನ ಕಡೆಯ ಕೋಶವು ಅದನ್ನು ಸ್ವೀಕರಿಸಿಬಿಡುವುದು. ೫೧೨ ಬಿಟ್ಟುಗಳ ಇಂತಹ ಸಂಖ್ಯೆಯನ್ನು ಅವಯವಗಳಾಗಿ ಒಡೆಯಲು ೧೯೯೯ರಲ್ಲಿ ನೂರಾರು ಗಣಕಗಳ ತಿಂಗಳುಗಟ್ಟಲೆಯ ಶ್ರಮ ಬೇಕಾಗಿದ್ದಿತು. ೨೦೧೫ರ ವೇಳೆಗಾದರೋ ಬಾಡಿಗೆಯ ಗಣಕಗಳಿಂದ ಕೆಲವು ಗಂಟೆಗಳಲ್ಲಿ, ಸುಮಾರು ೧೦೦ ಡಾಲರುಗಳ ವೆಚ್ಚದಲ್ಲಿ ಅದು ಸಾಧ್ಯವಾಗಿತ್ತು. ಇಲ್ಲಿ ಮೋಸಹೋದವನು ಹಳೆಯ ಯಂತ್ರದವನಲ್ಲ, ಹೊಸದರವನೇ.

೨೦೧೬ರ ಮಾರ್ಚಿಯಲ್ಲಿ ತಿಳಿದುಬಂದ ಡ್ರೌನ್ ಎಂಬ ದೋಷವು ಇದಕ್ಕಿಂತಲೂ ವಿಚಿತ್ರವಾದುದು. ಸರ್ವರೊಂದು ಹೊಸ ನಿಯಮಕ್ಕೂ ಎಸ್‌ಎಸ್‌ಎಲ್ ಎರಡನೆಯ ಆವೃತ್ತಿಗೂ ಒಂದೇ ಆರ್‌ಎಸ್‌ಎ ಕೀಲಿಯನ್ನು ಬಳಸುತ್ತಿದ್ದರೆ, ಹೊಸ ನಿಯಮದಂತೆ ನಡೆದ ಸಂವಾದಗಳನ್ನು ವಂಚಕನು ಸಂಗ್ರಹಿಸಿಟ್ಟುಕೊಂಡು, ಹಳೆಯ ಬಾಗಿಲಿಗೆ ಸಾವಿರಾರು ಪ್ರಶ್ನೆಗಳನ್ನು ಕಳುಹಿಸಿ, ಉತ್ತರಗಳ ಬಲದಿಂದ ಅವುಗಳಲ್ಲಿ ಕೆಲವನ್ನು ಓದಬಹುದಾಗಿತ್ತು. ಇದಕ್ಕೆ ೮ ಗಂಟೆಗೂ ಕಡಮೆ ಕಾಲವೂ ೪೪೦ ಡಾಲರುಗಳೂ ಸಾಕೆಂದು ಶೋಧಕರು ತೋರಿಸಿದರು. ಆ ಆವೃತ್ತಿಯು ೨೦೧೧ರಲ್ಲಿಯೇ ನಿಷಿದ್ಧವಾಗಿದ್ದರೂ, ಸುರಕ್ಷಿತ ಜಾಲತಾಣಗಳ ಸರ್ವರುಗಳಲ್ಲಿ ನೂರಕ್ಕೆ ೩೩ರಷ್ಟು ಈ ದೋಷಕ್ಕೆ ಒಳಗಾಗಿದ್ದವೆಂದು ಅವರ ಗಣನೆ.

ಹಾಗಾದರೆ ಕಿತ್ತುಹಾಕದೆ ಮುಚ್ಚಿಟ್ಟರೆ ಸಾಲದೇ ಎಂದರೆ, ಸಾಲದು. ಓಪನ್‌ಎಸ್‌ಎಸ್‌ಎಲ್ ಕೋಶದಲ್ಲಿ ಎರಡನೆಯ ಆವೃತ್ತಿಯ ಗೂಢಲಿಪಿಗಳನ್ನೆಲ್ಲ ನಿಲ್ಲಿಸಿದ್ದರೂ, ಎದುರಿನವನು ಹಟದಿಂದ ಕೇಳಿದರೆ ಅವುಗಳಲ್ಲಿಯೇ ಸಂವಾದವು ನಡೆದುಹೋಗುತ್ತಿತ್ತು. ಈ ದೋಷವನ್ನು ೨೦೧೬ರ ಜನವರಿಯಲ್ಲಿ ಸರಿಪಡಿಸಲಾಯಿತು. ವ್ಯಾಕರಣಶಾಸ್ತ್ರದಲ್ಲಿ ಪ್ರತ್ಯಯವು ಲೋಪವಾಗಿ ಕಾಣದೆ ಹೋದರೂ ತನ್ನಿಮಿತ್ತವಾದ ಕಾರ್ಯವು ನಡೆಯುವುದು. ಲುಕ್ ಎಂದು ವಿಧಿಸಿದಲ್ಲಾದರೋ ಅಂಗದ ಮೇಲೆ ಆ ಕಾರ್ಯವೂ ನಿಲ್ಲುವುದು. ಮುಚ್ಚಿಟ್ಟ ಕೋಡಿಗೂ ಕಿತ್ತುಹಾಕಿದ ಕೋಡಿಗೂ ಇಂತಹುದೇ ಭೇದವುಂಟು.

೨೦೧೪ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷವು ಪ್ರಕಟವಾದಾಗ ಓಪನ್‌ಬಿಎಸ್‌ಡಿಯವರು ಈ ಭೇದವನ್ನು ಅಂಗೀಕರಿಸಿದರು. ಆ ದೋಷವು ಹೊಸ ಭಾಗದ್ದೇ ಆಗಿದ್ದರೂ, ಕೋಶವನ್ನು ಪರಿಶೀಲಿಸಹೊರಟವರಿಗೆ ಗತಿಸಿಹೋದ ಯಂತ್ರಗಳಿಗಾಗಿ ಇದ್ದ ಕೋಡಿನ ರಾಶಿಯೇ ಅಡ್ಡವಾಯಿತು. ಅವರು ಲಿಬ್ರೆಎಸ್‌ಎಸ್‌ಎಲ್ ಎಂಬ ಶಾಖೆಯನ್ನು ತೆರೆದು ಮೊದಲ ವಾರದಲ್ಲಿಯೇ ೯೦,೦೦೦ಕ್ಕೂ ಮಿಕ್ಕ ಸಾಲುಗಳನ್ನು ತೆಗೆದರು. ಮೂಲಕೋಶವೂ ೨೦೧೬ರ ಆಗಸ್ಟಿನ ೧.೧.೦ ಆವೃತ್ತಿಯಲ್ಲಿ ಎಸ್‌ಎಸ್‌ಎಲ್ ಎರಡನೆಯದನ್ನು ಪೂರ್ಣವಾಗಿ ತ್ಯಜಿಸಿತು.

ಹಳೆಯ ಯಂತ್ರದವನಿಗೆ ಇದರಿಂದ ನಷ್ಟವಿಲ್ಲವೆಂದು ಹೇಳಲಾಗದು. ಅವನಿಗೆ ಮುಂಚಿತವಾಗಿ ತಿಳಿಸುವುದೂ, ಅನಿವಾರ್ಯವಾದೆಡೆ ಬೇರೆ ಕೀಲಿಯುಳ್ಳ ಪ್ರತ್ಯೇಕ ಯಂತ್ರವನ್ನು ಅವನಿಗಾಗಿ ಇಡುವುದೂ ಯುಕ್ತ. ಆದರೆ ಅವನ ಹೆಸರಿನಲ್ಲಿ ತೆರೆದಿಟ್ಟ ಬಾಗಿಲಿನಿಂದ ಎಲ್ಲರ ಮನೆಗೂ ಕಳ್ಳನು ಹೊಗುವನಾದ್ದರಿಂದ, ಸಾಧಾರಣಕೋಶದಲ್ಲಿ ಅಂತಹ ಭಾಗವನ್ನು ಸಮೂಲವಾಗಿ ತ್ಯಜಿಸುವುದೇ ಸಿದ್ಧಾಂತ.