ಲೆಕ್ಕಕ್ಕೆ ಬಂದ ಕೈಗಳು

ಹಾಸು ಮುಗಿದ ದಿನ ಮಗ್ಗದ ಮನೆಯಲ್ಲಿ ಸದ್ದಿರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ, ಬನಹಟ್ಟಿ ಕಡೆಯ ನೇಕಾರರ ಓಣಿಗಳಲ್ಲಿ ಓಡಾಡಿದವರಿಗೆ ಆ ಮೌನ ಗೊತ್ತು. ಪಕ್ಕದ ಮನೆಯಲ್ಲಿ ಲಾಳಿ ಓಡುತ್ತಿರುತ್ತದೆ. ಇಲ್ಲಿ ಮಾತ್ರ ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಮಗ್ಗದ ಮುಂದೆ ಕುಳಿತು ಕೆಚ್ಚುತ್ತಿರುತ್ತಾರೆ, ಅಂದರೆ ಹಾಸಿನ ಉದ್ದೆಳೆಗಳನ್ನು ಜೋಡಿಸುತ್ತಿರುತ್ತಾರೆ. ಹಳೆಯ ಹಾಸಿನ ತುದಿಯ ಒಂದು ಎಳೆ, ಹೊಸ ಹಾಸಿನ ಒಂದು ಎಳೆ. ಎರಡನ್ನೂ ಜೋಡಿಸಿ ಹಿಡಿದು, ಬೂದಿ ಹಚ್ಚಿದ ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹೊಸೆದು ಬಿಡಬೇಕು. ಗಂಟು ದಪ್ಪವಾದರೆ ಫಣಿಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ನೇಯುವಾಗ ಬಿಚ್ಚಿಕೊಳ್ಳುತ್ತದೆ. ಇಂಥ ಸಾವಿರಾರು ಎಳೆ. ಬೆಳಗ್ಗೆ ಕುಳಿತವರು ಏಳುವುದು ದೀಪ ಹಚ್ಚುವ ಹೊತ್ತಿಗೆ.

ನೇಕಾರನ ಮಜೂರಿ ಸೀರೆಗಿಷ್ಟು, ಮೀಟರಿಗಿಷ್ಟು ಎಂಬ ಲೆಕ್ಕದ್ದು. ಕೆಚ್ಚುವ ದಿನ ಒಂದು ಮೀಟರೂ ಬಟ್ಟೆ ಆಗುವುದಿಲ್ಲ. ಕಂಡಿಕೆ ಸುತ್ತುವ ಅಜ್ಜಿ, ನೂಲಿಗೆ ಗಂಜಿ ಹಾಕುವ ಸೊಸೆ, ಶಾಲೆಯಿಂದ ಬಂದು ನೂಲು ಬಿಡಿಸುವ ಹುಡುಗಿ, ಇವರೆಲ್ಲರ ದುಡಿಮೆ ಸೇರಿ ಒಂದು ಸೀರೆ. ಪಾಸ್‌ಬುಕ್ಕಿನಲ್ಲಿ ಮಾತ್ರ ಬಹುಕಾಲ ಒಬ್ಬನೇ ಗಂಡಸಿನ ಹೆಸರು. ದುಡಿಯುವವರು ಚೆನ್ನಾಗಿರುವ ಕೆಲಸದ ಜಾಗವನ್ನು ಕಟ್ಟುವುದು ಹೇಗೆ ಎಂದು ಈಗ ದೊಡ್ಡ ದೊಡ್ಡ ಕಂಪನಿಗಳು ತಲೆಕೆಡಿಸಿಕೊಂಡಿವೆ. ನಮ್ಮ ಭಾಗದ ಮಗ್ಗದ ಕಥೆಯನ್ನು ಹಿಂದಿನಿಂದ ಓದಿಕೊಂಡು ಬಂದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಯಾವಾಗೆಲ್ಲ ಲೆಕ್ಕಕ್ಕೆ ಸಿಗದ ಒಂದು ಕೈ ಹೆಸರು ಹಿಡಿದು ಲೆಕ್ಕಕ್ಕೆ ಬಂದಿದೆಯೋ, ಆವಾಗೆಲ್ಲ ಆ ಮನೆಯ ಕೆಲಸದ ರೀತಿಯೇ ಬದಲಾಗಿದೆ.

ತೇರದಾಳ ಹಳೆಯ ವ್ಯಾಪಾರದ ಊರು. 1123ರಲ್ಲಿ ಮಂಡಲಿಕ ಗೊಂಕ ಇಲ್ಲಿ ನೇಮಿನಾಥನ ಬಸದಿ ಕಟ್ಟಿಸಿದ. ಆ ಬಸದಿಯ ಶಾಸನ ಅಯ್ಯಾವೊಳೆಯ ಐನೂರ್ವರನ್ನು ಬಿರುದುಗಳ ಸಮೇತ ನೆನೆಯುತ್ತದೆ. ಐನೂರ್ವರೆಂದರೆ ವ್ಯಾಪಾರಿಗಳ ಸಂಘ, ತಮ್ಮದೇ ಕಟ್ಟುಪಾಡು, ತಮ್ಮದೇ ಮರ್ಯಾದೆ ಇದ್ದವರು. ಸರಕು ಮಾರುವವರ ಹೆಸರು ಕಲ್ಲಿಗೆ ಏರಿತು. ಸರಕು ಮಾಡುವವರ ಹೆಸರು ಎದ್ದು ಬಂದದ್ದು ಆ ಕಾಲದ ಆಸುಪಾಸಿನಲ್ಲೇ, ಬೇರೆ ದಾರಿಯಲ್ಲಿ. ಶರಣರು ಕಾಯಕದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಜೇಡರ ದಾಸಿಮಯ್ಯ ನೇಯುವವನು. ಅವನ ಹೆಂಡತಿ ದುಗ್ಗಳೆ ತಾನೇ ವಚನ ಬರೆದವಳು. ಕದಿರೆ ರೆಮ್ಮವ್ವೆ ನೂಲುವವಳು, ಕದಿರೇ ಅವಳ ಹೆಸರಾಯಿತು. ಈ ರೆಮ್ಮವ್ವೆಯ ಹೆಸರು ನನಗೆ ಯಾವಾಗಲೂ ದೊಡ್ಡದೆನಿಸುತ್ತದೆ. ನೂಲುವುದು ಮಗ್ಗದ ಕೆಲಸದಲ್ಲಿ ಕಣ್ಣಿಗೆ ಬೀಳದ ಕೆಲಸ, ಅದೇ ಕೆಲಸ ಹೆಂಗಸೊಬ್ಬಳ ಗುರುತಾಗಿ ಎಂಟುನೂರು ವರ್ಷ ಉಳಿದಿದೆ. ಅನುಭವ ಮಂಟಪದ ಶೂನ್ಯಪೀಠವೇರಿದ ಅಲ್ಲಮಪ್ರಭುವಿನ ಗುಡಿ ತೇರದಾಳದಲ್ಲಿದೆ. ಜಾತ್ರೆಗೆ ಬರುವ ನೇಕಾರ ಕುಟುಂಬಗಳಿಗೆ ಕಾಯಕ ಎಂಬುದು ಪುಸ್ತಕದ ಶಬ್ದವಲ್ಲ.

ಆಮೇಲಿನ ಶತಮಾನಗಳನ್ನು ಬೇಗ ದಾಟೋಣ. ಸ್ವಾತಂತ್ರ್ಯ ಬರುವ ಹೊತ್ತಿಗೆ ತೇರದಾಳ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಎರಡೂ ಕಡೆ ಪಟವರ್ಧನ ಮನೆತನದ ಆಳ್ವಿಕೆ. ಮಗ್ಗದ ಮನೆಯೊಳಗಿನ ಆಳ್ವಿಕೆ ಸಾವಕಾರನದು. ನೂಲು ಅವನದು, ದರ ಅವನು ಹೇಳಿದ್ದು. ಮದುವೆಗೋ ಬಾಣಂತನಕ್ಕೋ ಮುಂಗಡ ಕೊಟ್ಟವನೂ ಅವನೇ. ಸೀರೆ ಒಪ್ಪಿಸುವಾಗ ಇಲ್ಲಿ ಎಳೆ ತಪ್ಪಿದೆ, ಅಲ್ಲಿ ಬಣ್ಣ ಹತ್ತಿಲ್ಲ ಎಂದು ಮಜೂರಿ ಮುರಿದುಕೊಂಡರೆ ಕೇಳುವವರಿಲ್ಲ. ಮುಂಗಡ ತೀರುವ ತನಕ ಬೇರೆಯವರಿಗೆ ನೇಯುವಂತಿಲ್ಲ, ತೀರುವ ಮೊದಲೇ ಇನ್ನೊಂದು ಮುಂಗಡ. ಅಪ್ಪನ ಸಾಲದ ಜೊತೆ ಅಪ್ಪನ ಮಗ್ಗ ಮಗನ ಪಾಲಿಗೆ ಬರುತ್ತಿತ್ತು. ಎಲ್ಲ ಸಾವಕಾರರೂ ಕೆಟ್ಟವರಿದ್ದರು ಎಂದು ನಾನು ಹೇಳಲಾರೆ. ಕಷ್ಟಕಾಲದಲ್ಲಿ ಕಾಳು ಕೊಟ್ಟು ಕಾಪಾಡಿದವರ ನೆನಪೂ ಈ ಓಣಿಗಳಲ್ಲಿದೆ. ಆದರೆ ಒಳ್ಳೆಯತನ ಅವರ ಮರ್ಜಿಯಾಗಿತ್ತು, ನೇಕಾರನ ಹಕ್ಕಾಗಿರಲಿಲ್ಲ.

ಆ ಹಕ್ಕಿನ ಬೀಜ ಬಿದ್ದದ್ದು ದೂರದಲ್ಲಿ, ಅದೂ ನೇಕಾರರಿಂದಲೇ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಟ್ಟೆ ನಮ್ಮ ಕೈಮಗ್ಗಗಳನ್ನು ಮಲಗಿಸಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅದೇ ಮ್ಯಾಂಚೆಸ್ಟರಿನ ಪಕ್ಕದ ರಾಚ್‌ಡೇಲ್ ಎಂಬ ಊರಿನಲ್ಲಿ ಮಿಲ್ಲುಗಳ ಹೊಡೆತಕ್ಕೆ ಅಲ್ಲಿನ ನೇಕಾರರೂ ಹಸಿದಿದ್ದರು. 1844ರಲ್ಲಿ ಇಪ್ಪತ್ತೆಂಟು ಜನ ದುಡಿಯುವವರು, ಅವರಲ್ಲಿ ಹಲವರು ನೇಕಾರರು, ಚೂರುಪಾರು ಹಣ ಕೂಡಿಸಿ ಒಂದು ಅಂಗಡಿ ತೆರೆದರು. ತೂಕದಲ್ಲಿ ಮೋಸವಿಲ್ಲ, ಲಾಭ ಸದಸ್ಯರಿಗೆ ಹಂಚಿಕೆ, ಒಬ್ಬರಿಗೆ ಒಂದೇ ಮತ. ಸಹಕಾರ ಎಂಬ ಚಳವಳಿಗೆ ರೂಪ ಬಂದದ್ದು ಅಲ್ಲಿ. ಅದು ಸುತ್ತಿಬಳಸಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳಕ್ಕೆ ಬಂತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ್ದು ರೈತರ ಸಾಲದ ಸಂಘ. ನೇಕಾರರ ಸಂಘಗಳು ಆ ದಾರಿ ಹಿಡಿದವು. ಷೇರು ಪುಸ್ತಕದಲ್ಲಿ ತನ್ನ ಹೆಸರು, ವರ್ಷಕ್ಕೊಮ್ಮೆ ಸಭೆ, ಸಭೆಯಲ್ಲಿ ಎದ್ದು ನಿಂತು ‘ದರ ಯಾಕ ಏರಿಸಿಲ್ರೀ?’ ಎಂದು ಕೇಳುವ ಧೈರ್ಯ. ತಲೆಮಾರುಗಳಿಂದ ಸಾವಕಾರನ ಕಟ್ಟೆಯ ಕೆಳಗೆ ನಿಂತವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಸಂಘದ ಹೊರಗೇ ಉಳಿದವರು ಮಾತ್ರ ಬಹಳ ಇದ್ದರು. ಷೇರು ಹಣ ಇಲ್ಲದವರು, ಸ್ವಂತ ಮಗ್ಗ ಇಲ್ಲದವರು, ಸಾವಕಾರನ ಸಾಲದಿಂದ ಕಾಲು ಕೀಳಲಾಗದವರು. 1974ರಲ್ಲಿ ಕೇಂದ್ರ ಸರ್ಕಾರದ ಶಿವರಾಮನ್ ಸಮಿತಿ ಕೈಮಗ್ಗದ ಸ್ಥಿತಿ ಅಧ್ಯಯನ ಮಾಡಿತು. ಮರುವರ್ಷ, 1975ರಲ್ಲಿ, ಸಂಘದ ಹೊರಗಿನ ನೇಕಾರರಿಗೆಂದೇ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ನಮ್ಮ ಕಡೆ ಯಾರೂ ಇಷ್ಟುದ್ದ ಹೆಸರು ಹೇಳುವುದಿಲ್ಲ, ಕೆ.ಎಚ್.ಡಿ.ಸಿ. ಎಂದರೆ ಸಾಕು. ನೂಲು ನಿಗಮದ್ದು, ಬಟ್ಟೆ ನಿಗಮಕ್ಕೆ, ಮಜೂರಿ ಗೊತ್ತುಮಾಡಿದ್ದು. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಕೊಡುವ ಸಮವಸ್ತ್ರದ ಬಟ್ಟೆ ಇದೇ ನೇಕಾರರ ಕೈಗೆ ಬಂದಾಗ, ಹಬ್ಬ ಮದುವೆಗಳ ಸೀಸನ್ನಿನ ಹಂಗಿಲ್ಲದೆ ಮಗ್ಗ ನಡೆಯುವಂತಾಯಿತು.

ನಿಗಮ ಮಾಡಿದ ಇನ್ನೊಂದು ಕೆಲಸ ಮನೆ. ವಾಸಕ್ಕೊಂದು ಭಾಗ, ಮಗ್ಗಕ್ಕೊಂದು ಭಾಗ ಇರುವ ಮನೆಗಳ ಕಾಲೊನಿಗಳು ನೇಕಾರರ ಊರುಗಳಲ್ಲಿ ಎದ್ದವು. ಇದರ ಬೆಲೆ ತಿಳಿಯಬೇಕೆಂದರೆ ಹಳೆಯ ಮನೆಯ ಕುಣಿಮಗ್ಗದ ಮುಂದೆ ಒಂದು ಗಳಿಗೆ ಕೂರಬೇಕು. ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲು, ಕಾಲಡಿ ಪಾವಡಿ. ಮಳೆಗಾಲದಲ್ಲಿ ಕುಣಿಯೊಳಗೆ ನೀರು ಜಿನುಗಿ ಪಾದ ಬಿಳಿಚುತ್ತದೆ. ಒಂದೇ ಕಿಂಡಿಯ ಬೆಳಕಿಗೆ ಕಣ್ಣು ಹತ್ತಿರ ತಂದು ನೇಯ್ದು ನೇಯ್ದು ನಲವತ್ತಕ್ಕೇ ದೃಷ್ಟಿ ಮಂಜಾಗುತ್ತದೆ. ಪಕ್ಕದಲ್ಲೇ ಒಲೆ, ಹೊಗೆ, ತೊಟ್ಟಿಲು. ಅಂಥಲ್ಲಿಂದ ಎದ್ದು ಬಂದವರಿಗೆ ಕಿಟಕಿ ಇರುವ, ಮಗ್ಗಕ್ಕೆಂದೇ ಬಿಟ್ಟ ಕೋಣೆ ಸಿಕ್ಕಿತೆಂದರೆ ಅದು ಗೌರವ. ಆ ಮನೆಯ ಉತಾರ, ಅಂದರೆ ಆಸ್ತಿಯ ದಾಖಲೆ, ತಮ್ಮ ಹೆಸರಿಗೆ ಆಗಬೇಕೆಂದು ರಬಕವಿ-ಬನಹಟ್ಟಿಯ ನೇಕಾರರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ನ್ಯಾಯವಾದ ಬೇಡಿಕೆ. ಅದೂ ಹೆಸರಿನದೇ ಮಾತು.

ಮಗ್ಗದ ವಾಸನೆಯೇ ಇಲ್ಲದ ಊರಿನಲ್ಲೂ ದುಡಿಯುವ ಕೈಗೆ ಹೆಸರಿರುವ ಜಾಗವೊಂದು ಬೆಳೆಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆ. 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿನ ಹೆಣ್ಣುಮಕ್ಕಳ ಜೊತೆಗೂಡಿ ಚರಕ ಸಂಸ್ಥೆ ಕಟ್ಟಿದರು. ನೇಕಾರಿಕೆ ಆ ಹೆಣ್ಣುಮಕ್ಕಳ ಕುಲಕಸುಬಲ್ಲ, ಕಲಿತದ್ದು. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಬಣ್ಣ ತೆಗೆದರು, ನೇಯ್ದರು, ಹೊಲಿದರು, ದೇಸಿ ಅಂಗಡಿಗಳಲ್ಲಿ ಮಾರಿದರು. ಸಂಘ ಮಹಿಳೆಯರ ಸಹಕಾರಿ, ದುಡಿಯುವವರೇ ಅದರ ಒಡತಿಯರು. ತೇರದಾಳದ ಪಡಸಾಲೆಯಲ್ಲಿ ಗಂಡನ ಪಾಸ್‌ಬುಕ್ಕಿನೊಳಗೆ ಕರಗಿಹೋಗುವ ಕೆಲಸಗಳು ಅಲ್ಲಿ ಒಂದೊಂದೂ ಒಬ್ಬೊಬ್ಬಳ ಹೆಸರಿನವು. ವರ್ಷಕ್ಕೊಮ್ಮೆ ಅದೇ ಅಂಗಳದಲ್ಲಿ ಚರಕ ಉತ್ಸವ, ನಾಟಕ, ಹಾಡು. ಅಲ್ಲಿಗೆ ಕಷ್ಟ ಬರಲಿಲ್ಲ ಎಂದಲ್ಲ. 2017ರಲ್ಲಿ ಕೈಉತ್ಪನ್ನಗಳ ಮೇಲೆ ಜಿ.ಎಸ್.ಟಿ. ಬೇಡವೆಂದು ಪ್ರಸನ್ನ ಉಪವಾಸ ಕೂತರು. ಕೆಲವು ವರ್ಷಗಳ ಬಳಿಕ ಸಂಸ್ಥೆ ದಿವಾಳಿಯಾಗಿದೆ ಎಂದು ಅವರೇ ಬಹಿರಂಗವಾಗಿ ಹೇಳಬೇಕಾಯಿತು. ಒಳಗೆ ಎಷ್ಟೇ ಚೆನ್ನಾಗಿ ಕಟ್ಟಿದರೂ ಬಟ್ಟೆ ಮಾರಾಟವಾಗದಿದ್ದರೆ ಗೋಡೆ ನಿಲ್ಲುವುದಿಲ್ಲ.

ನಮ್ಮ ಊರುಗಳಲ್ಲಿ ಈಗ ಹೆಚ್ಚು ಕೇಳುವುದು ವಿದ್ಯುತ್ ಮಗ್ಗದ ಸದ್ದು. ಶೆಡ್ಡಿನೊಳಗೆ ಮಾತು ಕೇಳುವುದಿಲ್ಲ, ಕೈಸನ್ನೆಯಲ್ಲೇ ಸಂಸಾರ. ನೂಲಿನ ದೂಳು ಹುಬ್ಬಿನ ಮೇಲೆ ಹಿಮದಂತೆ ಕೂರುತ್ತದೆ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಜಾಗದಲ್ಲಿ ಹತ್ತು ಜನ ದುಡಿಯುತ್ತಿದ್ದರೆ ಅನ್ವಯಿಸುತ್ತಿತ್ತು. 2020ರ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ನಾಲ್ಕು ಮಗ್ಗ, ಇಬ್ಬರು ಮೂವರು ಆಳು ಇರುವ ಶೆಡ್ಡು ಎರಡೂ ಗೆರೆಗಳ ಕೆಳಗೇ ಉಳಿಯುತ್ತದೆ. ಆ ಶೆಡ್ಡಿನ ಮಾಲೀಕನೂ ಬಹುಪಾಲು ಸಾಲ ಮಾಡಿ ಮಗ್ಗ ಹಾಕಿದ ನೇಕಾರನೇ, ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಅಲ್ಲಿ ಬೆರಳು ಜಜ್ಜಿದವನ, ಕಿವಿ ಮಂದವಾದವನ ಹೆಸರು ಯಾವ ಪುಸ್ತಕದಲ್ಲಿದೆ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಹೆಸರಿದ್ದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ನಿದರ್ಶನವೇ ಇದೆ. 2019-20ರ ನಾಲ್ಕನೆಯ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ಜನರನ್ನು ಎಣಿಸಿತು. ನೇಯುವವರನ್ನಷ್ಟೇ ಎಣಿಸಿ ಬಿಡಲಿಲ್ಲ, ನೂಲು ಸುತ್ತುವ, ಹಾಸು ಹೂಡುವ ಪೂರಕ ಕೆಲಸದವರನ್ನೂ ಎಣಿಸಿತು. ಅವರೇ 8.48 ಲಕ್ಷ. ಒಟ್ಟು ಲೆಕ್ಕದಲ್ಲಿ ನೂರಕ್ಕೆ 72 ಜನ ಹೆಂಗಸರು. 2020ರಲ್ಲಿ ಕೊರೊನಾ ಬಂದು ಮಗ್ಗ ನಿಂತಾಗ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಎಂದು ತಲಾ ಎರಡು ಸಾವಿರ ರೂಪಾಯಿ ಘೋಷಿಸಿದ್ದು ಆ ಗಣತಿಯ ಪಟ್ಟಿ ಹಿಡಿದೇ, 54,789 ಕೈಮಗ್ಗ ನೇಕಾರರಿಗೆ. ಮೊತ್ತ 2022ರಲ್ಲಿ ಐದು ಸಾವಿರವಾಯಿತು. ಪಟ್ಟಿ ಬರೆಯಲು ಬಂದವರಿಗೆ ಅಂದು ಯಾರು ಬಾಗಿಲು ತೆರೆದು ಹೆಸರು ಹೇಳಿದ್ದರೋ ಅವರ ಖಾತೆಗೆ ಹಣ ಬಂತು.

ಕೆಚ್ಚುವ ಮನೆಯಲ್ಲಿ ಕೊನೆಯ ಸಲ ಕೂತಾಗ ಸಂಜೆಯಾಗಿತ್ತು. ಹಿರಿಯಾಕೆ ಬೂದಿಯ ಬಟ್ಟಲು ಪಕ್ಕಕ್ಕೆ ಸರಿಸಿ, ‘ಕುಂದರ್ರಿ, ಚಾ ಮಾಡ್ತೀನಿ, ಇನ್ನೊಂದ್ ನೂರು ಎಳಿ ಅದಾವ’ ಎಂದರು. ನೂರು ಎಂದದ್ದು ಅಂದಾಜು. ಕಿರಿಯಾಕೆ ಉಳಿದ ಎಳೆಗಳನ್ನು ಬೆರಳಲ್ಲಿ ಸರಿಸುತ್ತ ಎಣಿಸಿದಳು. ತೊಂಬತ್ತಾರು ಇದ್ದವು.