ಮಂಜುಗಡ್ಡೆ ಮತ್ತು ಕೆಂಬೆಳಕು: ಮಕ್ಕಳ ಬಾಯಿಹುಣ್ಣಿಗೆ ಎರಡು ಉಪಾಯಗಳು

ಬಾಯಿಹುಣ್ಣಿನ ನೋವನ್ನು ಅರಿಯದವರು ವಿರಳ. ನಾಲಗೆಯ ಅಂಚಿನಲ್ಲಿ ಸಾಸಿವೆಯಷ್ಟು ಹುಣ್ಣೆದ್ದರೂ ಸಾರಿನ ಖಾರ ನಮಗೆ ಶತ್ರುವಾಗುತ್ತದೆ. ಹಾಗಿರುವಾಗ ತುಟಿಯ ಒಳಮೈಯಿಂದ ಗಂಟಲಿನವರೆಗೂ ಹುಣ್ಣಾದ ಮಗುವಿನ ಪಾಡೇನು? ಕ್ಯಾನ್ಸರಿಗೆ ಕೀಮೋಥೆರಪಿ, ಅಂದರೆ ರಾಸಾಯನಿಕ ಔಷಧಗಳ ಚಿಕಿತ್ಸೆ, ಪಡೆಯುವ ಮಕ್ಕಳಲ್ಲಿ ಇದು ಅಪರೂಪವಲ್ಲ. ವಸಂತನರಸಾಪುರ, ಗುಬ್ಬಿ, ಕುಣಿಗಲ್ ಕಡೆಯ ತಂದೆತಾಯಿಗಳಿಗೆ ಇಂತಹ ಚಿಕಿತ್ಸೆಗಾಗಿ ಬೆಂಗಳೂರಿನ ದಾರಿ ಹಿಡಿಯದೆ ವಿಧಿಯಿಲ್ಲ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆ ಅಲ್ಲಿದೆ. ಔಷಧವೇರಿಸಿದ ದಿನ ಮಗು ನಗುತ್ತಲೇ ಊರಿಗೆ ಮರಳಬಹುದು. ಹುಣ್ಣು ತಲೆದೋರುವುದು ಸಾಮಾನ್ಯವಾಗಿ ಐದರಿಂದ ಹತ್ತು ದಿನಗಳ ಬಳಿಕ, ಮನೆಯಲ್ಲಿ.

ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಕ್ಯಾನ್ಸರಿನ ಜೀವಕಣಗಳು ಬೇಗಬೇಗ ಇಬ್ಭಾಗವಾಗಿ ವೃದ್ಧಿಹೊಂದುತ್ತವೆ. ಔಷಧ ಹೊಡೆಯುವುದು ಆ ವೇಗವನ್ನೇ. ಆದರೆ ಬಾಯಿಯ ಲೋಳೆಪೊರೆಯ ಕಣಗಳೂ ಅದೇ ಆತುರದವು. ಮೇಲ್ಪದರ ಸವೆದಂತೆಲ್ಲ ಕೆಳಗಿನಿಂದ ಹೊಸ ಕಣಗಳು ಬರುತ್ತಲೇ ಇರಬೇಕು. ಔಷಧಕ್ಕೆ ಹಗೆಯಾವುದು, ನೆಂಟನಾವುದು ತಿಳಿಯದು. ಹೊಸ ಕಣಗಳ ಪೂರೈಕೆ ನಿಂತು ಪೊರೆ ತೆಳ್ಳಗಾಗಿ ಹರಿಯುತ್ತದೆ. ಮಗು ಊಟ ಬಿಡುತ್ತದೆ, ಉಗುಳು ನುಂಗಲೂ ಅಳುತ್ತದೆ. ಹುಣ್ಣು ತೀವ್ರವಾದರೆ ಮುಂದಿನ ಸರದಿಯ ಔಷಧವನ್ನೇ ಮುಂದೂಡಬೇಕಾಗಿ ಬರಬಹುದು. ಆಗ ಮೂಲ ರೋಗಕ್ಕೆ ಬಿಡುವು ದೊರೆತಂತಾಗುತ್ತದೆ.

ನಮ್ಮ ಹಿರಿಯರು ಇದನ್ನು ‘ಉಷ್ಣ’ ಎನ್ನುವರು. ಉಷ್ಣಮಾಪಕಕ್ಕೆ ಸಿಕ್ಕದ ಈ ಉಷ್ಣವು ಭೌತಶಾಸ್ತ್ರದ ಉಷ್ಣವಲ್ಲ. ಆದರೂ ತಂಪಿನಿಂದ ಪ್ರಯೋಜನವುಂಟು. ಕಾರಣ ಮಾತ್ರ ಬೇರೆ. ವಸಂತನರಸಾಪುರದಲ್ಲಿ 2014ರಲ್ಲಿ ಉದ್ಘಾಟನೆಯಾದ ಆಹಾರ ಉದ್ಯಾನದಂತಹ ಕಡೆ ಹಣ್ಣುತರಕಾರಿಗಳನ್ನು ಶೀತಲಗೃಹದಲ್ಲಿಡುವುದು ಅವುಗಳ ಉಸಿರಾಟವನ್ನು ನಿಧಾನಗೊಳಿಸಲು. ಬಾಯಿಯಲ್ಲಿ ತಂಪು ಮಾಡುವ ಮುಖ್ಯ ಕೆಲಸ ರಕ್ತನಾಳಗಳನ್ನು ಕುಗ್ಗಿಸುವುದು. ಔಷಧ ರಕ್ತದಲ್ಲಿ ಹರಿಯುತ್ತಿರುವ ವೇಳೆಯಲ್ಲಿ ಬಾಯಿಗೆ ರಕ್ತ ಕಡಿಮೆ ಬಂದರೆ ಔಷಧವೂ ಕಡಿಮೆ ಬರುತ್ತದೆ.

ತಣ್ಣೀರೇ ಸಾಲದೆ? ಲೆಕ್ಕ ಹಾಕೋಣ. ಸೊನ್ನೆ ಡಿಗ್ರಿಯ 30 ಗ್ರಾಂ ನೀರು 37 ಡಿಗ್ರಿಗೆ ಏರಲು 1,110 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಅಷ್ಟೇ ಮಂಜುಗಡ್ಡೆಯಾದರೆ ಮೊದಲು ಕರಗಬೇಕು. ಗ್ರಾಮಿಗೆ 80 ಕ್ಯಾಲೊರಿಯಂತೆ ಅದರ ಗುಪ್ತೋಷ್ಣವೇ 2,400. ಒಟ್ಟು 3,510, ಅಂದರೆ ಮೂರು ಪಟ್ಟಿಗೂ ಮಿಗಿಲು. ಚೂರುಮಾಡಿದ ಮಂಜನ್ನು ಔಷಧಕ್ಕೆ ಐದು ನಿಮಿಷ ಮುಂಚೆ ಬಾಯಿಗಿಟ್ಟು ಸುಮಾರು ಅರ್ಧ ಗಂಟೆ ಹೊರಳಿಸುತ್ತಿರಬೇಕು. ಅಲ್ಪಕಾಲದಲ್ಲಿ ಏರಿಸುವ 5-ಫ್ಲೂರೊಯುರಾಸಿಲ್, ಮೆಲ್ಫಲಾನ್‌ಗಳಿಗೆ ಇದು ಹೊಂದುತ್ತದೆ. ಮಕ್ಕಳ ರಕ್ತಕ್ಯಾನ್ಸರಿನಲ್ಲಿ ಬಳಸುವ ಮೆಥೊಟ್ರೆಕ್ಸೇಟನ್ನಾದರೋ ಹೆಚ್ಚಿನ ಪ್ರಮಾಣದಲ್ಲಿ ಹಲವು ವೇಳೆ ಇಡೀ ದಿನ ಏರಿಸುತ್ತಾರೆ. ಅಷ್ಟು ಹೊತ್ತು ಮಂಜನ್ನು ಚೀಪುವ ಮಗುವುಂಟೆ? ಚಿಕ್ಕ ಕೂಸುಗಳಿಗಂತೂ ಅದು ಗಂಟಲಿಗೆ ಸಿಕ್ಕುವ ಭಯವಿದೆ. ಎದ್ದ ಹುಣ್ಣನ್ನು ಮಂಜು ಮಾಯಿಸುವುದೂ ಇಲ್ಲ.

ಎರಡನೆಯ ಉಪಾಯ ಬೆಳಕು. 1960ರಲ್ಲಿ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. ಕೆಲವೇ ವರ್ಷಗಳಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ಕೂದಲು ಬೋಳಿಸಿದ ಇಲಿಗಳ ಚರ್ಮದ ಮೇಲೆ ಮಾಣಿಕ್ಯದ ಲೇಸರಿನ ದುರ್ಬಲ ಕಿರಣವನ್ನು ಬಿಟ್ಟಾಗ ಅಲ್ಲಿ ಕೂದಲು ಬೇಗ ಬೆಳೆಯಿತು. ಇಂದು ಬಾಯಿಗೆ ಬಳಸುವ ಕೆಂಬೆಳಕಿನ ಅಲೆಯುದ್ದ ಸುಮಾರು 650 ನ್ಯಾನೊಮೀಟರ್. ಒಂದು ಚದರ ಸೆಂಟಿಮೀಟರಿನ ಮೇಲೆ 100 ಮಿಲಿವಾಟ್ ಶಕ್ತಿಯ ಕಿರಣ 20 ಸೆಕೆಂಡು ಬಿದ್ದರೆ 2 ಜೂಲ್ ಆಯಿತು. ನಡುಹಗಲಿನ ಬಿಸಿಲು ನೆಲದ ಮೇಲೆ ಸುರಿಯುವುದೂ ಹೆಚ್ಚುಕಡಿಮೆ ಇಷ್ಟೇ! ಆದ್ದರಿಂದ ಸುಡುವ ಮಾತಿಲ್ಲ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ, ಹಾನಿಕರವಾದ ಅತಿನೇರಳೆಯೂ ಸೇರಿದೆ. ಇಲ್ಲಿ ಬೇಕಾದ ಬಣ್ಣವೊಂದೇ, ಬೇಕಾದ ಜಾಗಕ್ಕೇ. ಕಣಗಳ ಶಕ್ತಿಗೃಹವಾದ ಮೈಟೊಕಾಂಡ್ರಿಯದ ಒಂದು ಕಿಣ್ವ ಈ ಬೆಳಕನ್ನು ಹೀರಿ, ಕಣ ಚುರುಕಾಗುತ್ತದೆಂದು ವಿಜ್ಞಾನಿಗಳ ಭಾವನೆ. ಪ್ರಮಾಣ ಮೀರಿದರೆ ಫಲ ತಗ್ಗುತ್ತದೆ. 2021ರಲ್ಲಿ ಪ್ರಕಟವಾದ, ಮಕ್ಕಳಿಗೆಂದೇ ರಚಿತವಾದ ಅಂತರರಾಷ್ಟ್ರೀಯ ಸೂತ್ರಗಳು ಅಸ್ಥಿಮಜ್ಜೆಯ ಕಸಿಗೆ ಒಳಗಾಗುವ ಮಕ್ಕಳಿಗೆ ಇದನ್ನು ಶಿಫಾರಸು ಮಾಡಿವೆ. ಕಣ್ಣಿಗೆ ಕಪ್ಪು ಕನ್ನಡಕ ಅವಶ್ಯ. ಕಷ್ಟವೆಂದರೆ, ನೋಯುವ ಬಾಯಿಯನ್ನು ಮಗು ತೆರೆದುಕೊಂಡಿರಬೇಕು.

ಮನೆಯಲ್ಲಿ ಆಗಬೇಕಾದುದು ಸರಳ. ಮೃದುವಾದ ಬ್ರಷ್ಷು, ಬಾಯಿ ಮುಕ್ಕಳಿಸಲು ಚಿಟಿಕೆ ಉಪ್ಪು, ಚಿಟಿಕೆ ಅಡಿಗೆ ಸೋಡಾ ಬೆರೆಸಿದ ಉಗುರುಬೆಚ್ಚನೆಯ ನೀರು, ಬಿಸಿ ಮುದ್ದೆ, ಖಾರದ ಸಾರಿಗೆ ಬದಲು ಆರಿದ ರಾಗಿ ಗಂಜಿ. ನೋವಿಗೆ ವೈದ್ಯರು ಹೇಳಿದ ಔಷಧವನ್ನಲ್ಲದೆ ಬೇರೆಯದನ್ನು ಕೊಡಕೂಡದು. ಈ ದಿನಗಳಲ್ಲಿ ಬಿಳಿಯ ರಕ್ತಕಣಗಳೂ ಇಳಿದಿರುತ್ತವೆ. ಹರಿದ ಪೊರೆಯ ಮೂಲಕ ರೋಗಾಣುಗಳು ರಕ್ತಕ್ಕೆ ನುಗ್ಗಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡತಕ್ಕದ್ದು. ಬಿಳಿಯ ಕಣಗಳು ಮತ್ತೆ ಏರತೊಡಗಿದಂತೆ ಹುಣ್ಣೂ ಮಾಯತೊಡಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಗು ಮತ್ತೆ ಊಟಕ್ಕೆ ಕೂರುತ್ತದೆ.